ಇವನ್ನು ಏನು ಮಾಡಲಿ? ಯುದ್ಧ ಮುಗಿದ ಮೇಲಿನ ಇಂಗ್ಲಿಷ್ ಕಾದಂಬರಿಯ ಬಗ್ಗೆ ಒಂದು ಮಾತು

ಹೋದ ಭಾನುವಾರ ನಮ್ಮ ಓದುಗರ ಬಳಗದಲ್ಲಿ ಮಾತಾಡಿದ್ದೆ. ಬರಲಾಗದ ಕೆಲವರು ಬರೆದು ಕಳಿಸಿ ಅಂದರು. ರೆಕಾರ್ಡಿಂಗ್ ಕೇಳಿಕೊಂಡು ಬರೆದಿದ್ದೇನೆ. ಬಹುಪಾಲು ಹೇಳಿದ ಹಾಗೇ ಇದೆ, ಎರಡು ಕಡೆ ಅವಸರದಲ್ಲಿ ಬಿಟ್ಟುಹೋದದ್ದನ್ನು ಸೇರಿಸಿದ್ದೇನೆ ಅಷ್ಟೆ.

ಎಲ್ಲರಿಗೂ ನಮಸ್ಕಾರ. ನಾನು ಒಂದು ಕಾದಂಬರಿಯ ಕೊನೆಯ ಪುಟದಿಂದ ಶುರು ಮಾಡುತ್ತೇನೆ. ಓದದೇ ಇರುವವರು ಬೇಜಾರು ಮಾಡಿಕೊಳ್ಳಬೇಡಿ, ಕೊನೆ ಗೊತ್ತಾದರೆ ರುಚಿ ಕೆಡುವ ಪುಸ್ತಕ ಅಲ್ಲ ಇದು.

ಲಂಡನ್ನಿನಲ್ಲಿ ಒಬ್ಬ ಹುಡುಗ ಬಾಡಿಗೆಗೆ ಇದ್ದ ಕೋಣೆ. ಹುಡುಗ ಇಲ್ಲ. ಅವನ ಗೆಳೆಯ ಬೊನಾಮಿ ಬಂದು ನೋಡುತ್ತಾನೆ. ಎಲ್ಲ ಹೇಗಿತ್ತೋ ಹಾಗೇ ಬಿಟ್ಟುಹೋಗಿದ್ದಾನೆ, ಏನೂ ಜೋಡಿಸಿಟ್ಟಿಲ್ಲ, ಕಾಗದಗಳೆಲ್ಲ ಯಾರು ಬೇಕಾದರೂ ಓದುವ ಹಾಗೆ ಹರಡಿಕೊಂಡಿವೆ. ವಾಪಸ್ ಬರುತ್ತೇನೆ ಅಂದುಕೊಂಡಿದ್ದನಾ ಇವನು? ಬೊನಾಮಿ ಕಿಟಕಿಯ ಹತ್ತಿರ ಹೋಗಿ ಬೀದಿ ನೋಡುತ್ತಾನೆ, ಅವನ ಹೆಸರು ಹಿಡಿದು ಕೂಗುತ್ತಾನೆ. ಅಷ್ಟರಲ್ಲಿ ಹುಡುಗನ ತಾಯಿ ಮಲಗುವ ಕೋಣೆಯ ಬಾಗಿಲು ದೂಡಿಕೊಂಡು ಬರುತ್ತಾಳೆ. ಎಲ್ಲಿ ನೋಡಿದರೂ ಬರೀ ಗೊಂದಲ ಅನ್ನುತ್ತಾಳೆ. ಆಮೇಲೆ ಕೈಯಲ್ಲಿ ಒಂದು ಜೊತೆ ಹಳೇ ಶೂ ಹಿಡಿದು ಅವನ ಮುಂದೆ ಚಾಚಿ ಕೇಳುತ್ತಾಳೆ, ಇವನ್ನು ನಾನು ಏನು ಮಾಡಲಿ ಬೊನಾಮಿ ಅವರೇ?

ಅಲ್ಲಿಗೆ ಪುಸ್ತಕ ಮುಗಿಯಿತು. 1922ರ ಅಕ್ಟೋಬರ್‌ನಲ್ಲಿ ಬಂದ 'ಜೇಕಬ್ಸ್ ರೂಮ್', ವರ್ಜೀನಿಯಾ ವುಲ್ಫ್ ಬರೆದದ್ದು. ಜೇಕಬ್ ಸತ್ತ ಅಂತ ಪುಸ್ತಕದಲ್ಲಿ ಎಲ್ಲೂ ಬಾಯಿಬಿಟ್ಟು ಹೇಳಿಲ್ಲ. ಅವನ ಮನೆತನದ ಹೆಸರು ಮಾತ್ರ ಮೊದಲ ಪುಟದಿಂದಲೇ ಇದೆ, ಫ್ಲಾಂಡರ್ಸ್ ಅಂತ. ಆ ಕಾಲದ ಇಂಗ್ಲಿಷ್ ಓದುಗರಿಗೆ ಅಷ್ಟು ಸಾಕು. ಫ್ಲಾಂಡರ್ಸ್ ಅಂದರೆ ಬೆಲ್ಜಿಯಂ ಕಡೆಯ ರಣರಂಗ, ಅವರ ಮಕ್ಕಳು ಕೆಸರಿನಲ್ಲಿ ಹೂತುಹೋದ ಜಾಗ.

ನಮ್ಮ ದೊಡ್ಡಪ್ಪ ತೀರಿಕೊಂಡಾಗ ನನಗೆ ಹದಿನಾಲ್ಕು ವರ್ಷ. ಬಾಗಿಲ ಪಕ್ಕದಲ್ಲಿ ಅವರ ಚಪ್ಪಲಿ ಇತ್ತು. ಅವರು ಒಂದು ಕಡೆಗೆ ಸ್ವಲ್ಪ ವಾಲಿ ನಡೆಯುತ್ತಿದ್ದರು, ಹಾಗಾಗಿ ಎಡಗಾಲಿನ ಚಪ್ಪಲಿಯ ಹಿಮ್ಮಡಿ ಜಾಸ್ತಿ ಸವೆದಿತ್ತು. ಹದಿಮೂರು ದಿನ ಮನೆ ತುಂಬ ಜನ, ಆ ಚಪ್ಪಲಿಯನ್ನು ಎಲ್ಲರೂ ದಾಟಿಕೊಂಡು ಓಡಾಡಿದರು, ಒಬ್ಬರೂ ಮುಟ್ಟಲಿಲ್ಲ. ಕೊನೆಗೆ ದೊಡ್ಡಮ್ಮನೇ ಎತ್ತಿ ಹಳೇ ಪೇಪರಿನಲ್ಲಿ ಸುತ್ತಿ ಅಟ್ಟದ ಮೇಲಿಟ್ಟರು. 'ಜೇಕಬ್ಸ್ ರೂಮ್' ಮೊದಲ ಸಲ ಓದಿ ಮುಗಿಸಿದಾಗ ನನಗೆ ಬೇರೇನೂ ಅರ್ಥ ಆಗಿರಲಿಲ್ಲ, ನಿಜ ಹೇಳುತ್ತೇನೆ, ಅರ್ಧ ಪುಸ್ತಕದಲ್ಲಿ ಯಾರು ಯಾರು ಅಂತಲೇ ತಿಳಿದಿರಲಿಲ್ಲ. ಆದರೆ ಆ ಶೂ ನೋಡಿದಾಗ ದೊಡ್ಡಮ್ಮ ಪೇಪರ್ ಸುತ್ತುತ್ತಿದ್ದದ್ದು ಕಣ್ಣಿಗೆ ಬಂತು.

ಒಂದು ವ್ಯತ್ಯಾಸ ಇದೆ. ದೊಡ್ಡಪ್ಪನನ್ನು ನಾವು ನೋಡಿದೆವು, ಹೊತ್ತೆವು, ಸುಟ್ಟೆವು. ಇಂಗ್ಲೆಂಡಿನ ತಾಯಂದಿರಿಗೆ ಅದೂ ಸಿಗಲಿಲ್ಲ.

ಸ್ವಲ್ಪ ಲೆಕ್ಕ ಹೇಳುತ್ತೇನೆ. 1914ರಿಂದ 1918ರ ಯುದ್ಧದಲ್ಲಿ ಬ್ರಿಟನ್ ಒಂದೇ ದೇಶದ 7 ಲಕ್ಷಕ್ಕೂ ಹೆಚ್ಚು ಸೈನಿಕರು ಸತ್ತರು. ಸೊಮ್ ನದಿಯ ಹತ್ತಿರ 1916ರ ಜುಲೈ 1ರಂದು, ಒಂದೇ ದಿನ, ಬ್ರಿಟಿಷ್ ಸೈನ್ಯದಲ್ಲಿ ಸತ್ತವರು 19,240 ಜನ. ಗಾಯಗೊಂಡವರು ಬೇರೆ. ಇವರ ಹೆಣಗಳನ್ನು ಮನೆಗೆ ಕಳಿಸುವ ಹಾಗಿಲ್ಲ ಅಂತ 1915ರಲ್ಲೇ ತೀರ್ಮಾನವಾಗಿತ್ತು. ದುಡ್ಡಿದ್ದವರ ಮಗ ಊರಿಗೆ ಬಂದು, ಬಡವರ ಮಗ ಅಲ್ಲೇ ಉಳಿಯಬಾರದು ಅನ್ನುವ ಯೋಚನೆಯೂ ಅದರ ಹಿಂದೆ ಇತ್ತು. ಸತ್ತಲ್ಲೇ ಸಮಾಧಿ. ಎಷ್ಟೋ ಜನರಿಗೆ ಅದೂ ಇಲ್ಲ, ಹೆಣವೇ ಸಿಗಲಿಲ್ಲ. ಫ್ರಾನ್ಸಿನ ಟಿಯೆಪ್ವಾಲ್ ಅನ್ನುವ ಊರಿನಲ್ಲಿ ಒಂದು ದೊಡ್ಡ ಸ್ಮಾರಕ ಇದೆ, ಅದರ ಮೇಲೆ ಗೋರಿಯೇ ಇಲ್ಲದ 70 ಸಾವಿರಕ್ಕೂ ಹೆಚ್ಚು ಜನರ ಹೆಸರು ಕೆತ್ತಿದ್ದಾರೆ. ಮನೆಗೆ ಬರುತ್ತಿದ್ದದ್ದು ಒಂದು ತಂತಿ, ಇಲ್ಲ ಒಂದು ಕಾಗದ. ಕೆಲವು ಸಲ ಅವನ ಸಾಮಾನಿನ ಗಂಟು.

ಲಂಡನ್ನಿನ ವೈಟ್‌ಹಾಲ್ ರಸ್ತೆಯ ಮಧ್ಯೆ ಸೆನೊಟಾಫ್ ಅಂತ ಒಂದು ಕಲ್ಲಿನ ಸ್ಮಾರಕ ಇದೆ. ಮೊದಲು 1919ರಲ್ಲಿ ಮರ ಮತ್ತು ಗಾರೆಯಲ್ಲಿ ಮಾಡಿ ನಿಲ್ಲಿಸಿದ್ದರು. ಜನ ಅದರ ಬುಡದಲ್ಲಿ ಎಷ್ಟು ಹೂವಿಟ್ಟರು ಅಂದರೆ ಅದನ್ನೇ ಕಲ್ಲಿನಲ್ಲಿ ಕಟ್ಟಬೇಕಾಯಿತು, 1920ರ ನವೆಂಬರ್ 11ಕ್ಕೆ ಅನಾವರಣ ಮಾಡಿದರು. ರೂಪಿಸಿದವರು ಲಟ್ಯೆನ್ಸ್. ನಮ್ಮ ದಿಲ್ಲಿಯ ಇಂಡಿಯಾ ಗೇಟ್ ಕೂಡ ಅವರದೇ. ಸೆನೊಟಾಫ್ ಅನ್ನುವುದು ಗ್ರೀಕ್ ಮೂಲದ ಶಬ್ದ, ಖಾಲಿ ಸಮಾಧಿ ಅಂತ ಅರ್ಥ. ಒಳಗೆ ಯಾರೂ ಇಲ್ಲ.

ನಾನು ಇವತ್ತು ಹೇಳಬೇಕು ಅಂತ ಬಂದಿರುವುದು ಇಷ್ಟೇ. ಯುದ್ಧದ ನಂತರ ಇಂಗ್ಲಿಷ್ ಕಾದಂಬರಿ ಹಳೇ ದಾರಿ ಬಿಟ್ಟಿತು ಅನ್ನುತ್ತಾರಲ್ಲ, ಕಥೆ ಇಲ್ಲ, ಕೊಂಡಿ ಇಲ್ಲ, ಓದುವವರಿಗೆ ತಲೆ ಬುಡ ತಿಳಿಯಲ್ಲ ಅಂತ ದೂರುತ್ತಾರಲ್ಲ, ಅದು ಬರೀ ಜಾಣತನ ತೋರಿಸೋಕೆ ಸುಮ್ನೆ ಮಾಡಿದ್ದು ಅಂತ ನಾನೂ ಬಹಳ ವರ್ಷ ಅಂದುಕೊಂಡಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ಹೆಣ ಇಲ್ಲದ ಸಾವನ್ನು ಹೇಗೆ ಹೇಳಬೇಕು ಅನ್ನುವ ಪ್ರಶ್ನೆ ಅವರ ಮುಂದಿತ್ತು. ಹಳೇ ಕಾದಂಬರಿಯ ಹತ್ತಿರ ಅದಕ್ಕೆ ಉತ್ತರ ಇರಲಿಲ್ಲ. ವುಲ್ಫ್ ಒಬ್ಬರನ್ನೇ ಹಿಡಿದುಕೊಂಡು ಇದನ್ನು ಹೇಳುತ್ತೇನೆ, ಎಲ್ಲರ ಬಗ್ಗೆ ಹೇಳಲು ಹೊರಟರೆ ಯಾರ ಬಗ್ಗೆಯೂ ಹೇಳಿದಂತಾಗುವುದಿಲ್ಲ.

ವುಲ್ಫ್ ಶುರುವಿನಿಂದಲೇ ಹೀಗೆ ಬರೆಯುತ್ತಿರಲಿಲ್ಲ. ಅವರ ಎರಡನೇ ಕಾದಂಬರಿ 'ನೈಟ್ ಆಂಡ್ ಡೇ' ಬಂದದ್ದು 1919ರಲ್ಲಿ, ಯುದ್ಧ ನಿಂತು ಒಂದು ವರ್ಷ ಆಗಿತ್ತು. ಅದು ದಪ್ಪ ಪುಸ್ತಕ, ಹಳೇ ಅಳತೆಯದು. ಯಾರು ಯಾರನ್ನು ಮದುವೆ ಆಗಬೇಕು, ಚಹಾ, ಮಾತುಕತೆ, ಕೊನೆಗೆ ಜೋಡಿಗಳು ಸರಿಯಾಗಿ ಕೂಡುತ್ತವೆ. ಯುದ್ಧದ ಸುಳಿವೇ ಇಲ್ಲ. ಕಥೆಗಾರ್ತಿ ಕ್ಯಾಥರಿನ್ ಮ್ಯಾನ್ಸ್‌ಫೀಲ್ಡ್ ಅದನ್ನು ವಿಮರ್ಶೆ ಮಾಡಿದರು. ಅಚ್ಚಾದ ವಿಮರ್ಶೆಯಲ್ಲಿ ಮರ್ಯಾದೆಯಿಂದ ಬರೆದು, ಗಂಡನಿಗೆ ಬರೆದ ಕಾಗದದಲ್ಲಿ ಮನಸ್ಸಿನಲ್ಲಿದ್ದದ್ದನ್ನು ಹೇಳಿಬಿಟ್ಟರು. ಯುದ್ಧ ಆಗಲೇ ಇಲ್ಲ ಅನ್ನುತ್ತಿದೆ ಈ ಪುಸ್ತಕ, ಇದು ಆತ್ಮದೊಳಗಿನ ಸುಳ್ಳು ಅಂತ. ಮ್ಯಾನ್ಸ್‌ಫೀಲ್ಡ್‌ಗೆ ಹಾಗೆ ಅನ್ನುವ ಹಕ್ಕಿತ್ತು. ಅವರ ಒಬ್ಬನೇ ತಮ್ಮ ಲೆಸ್ಲಿ 1915ರ ಅಕ್ಟೋಬರ್‌ನಲ್ಲಿ ಬೆಲ್ಜಿಯಂನಲ್ಲಿ ಸತ್ತಿದ್ದ. ಗ್ರೆನೇಡ್ ಎಸೆಯುವುದನ್ನು ಕಲಿಸುವಾಗ ಅದು ಕೈಯಲ್ಲೇ ಸಿಡಿದಿತ್ತು.

ಆ ಮಾತು ವುಲ್ಫ್‌ಗೆ ಎಷ್ಟು ನಾಟಿತೋ ಹೇಳಲಾರೆ. ಆದರೆ ಮುಂದಿನ ಪುಸ್ತಕ ನೋಡಿ. ಬರೆದವರು ಅವರೇನಾ ಅನ್ನುವಷ್ಟು ಬೇರೆ. ಮೂರೇ ವರ್ಷದಲ್ಲಿ.

ಮಧ್ಯೆ ಇನ್ನೊಂದು ವಿಷಯ ಆಗಿತ್ತು, ಅದನ್ನು ನಾನು ಬಿಡಲಾರೆ, ಯಾಕೆಂದರೆ ನನಗೆ ಅದು ತುಂಬ ಹತ್ತಿರದ್ದು. 1917ರಲ್ಲಿ ವುಲ್ಫ್ ಮತ್ತು ಗಂಡ ಲಿಯೊನಾರ್ಡ್ ಸೇರಿ 19 ಪೌಂಡಿಗಿಂತ ಸ್ವಲ್ಪ ಜಾಸ್ತಿ ಕೊಟ್ಟು ಒಂದು ಕೈಯಚ್ಚಿನ ಯಂತ್ರ ತಂದರು. ರಿಚ್‌ಮಂಡ್‌ನಲ್ಲಿದ್ದ ಮನೆಯ ಹೆಸರು ಹೊಗಾರ್ತ್ ಹೌಸ್, ಊಟದ ಕೋಣೆಯಲ್ಲೇ ಯಂತ್ರ ಇಟ್ಟುಕೊಂಡು ಹೊಗಾರ್ತ್ ಪ್ರೆಸ್ ಅಂತ ಶುರು ಮಾಡಿದರು. ಮೊದಲ ಪುಸ್ತಕ ಇಬ್ಬರ ಒಂದೊಂದು ಕಥೆ, 150ರಷ್ಟು ಪ್ರತಿ. ವರ್ಜೀನಿಯಾ ಮೊಳೆ, ಅಂದರೆ ಅಚ್ಚಿನ ಸೀಸದ ಅಕ್ಷರ, ಜೋಡಿಸುತ್ತಿದ್ದರು, ಲಿಯೊನಾರ್ಡ್ ಯಂತ್ರ ಎಳೆಯುತ್ತಿದ್ದರು.

ನಮ್ಮ ಸೋದರಮಾವನಿಗೆ ಒಂದು ಟ್ರೆಡಲ್ ಪ್ರೆಸ್ ಇತ್ತು. ಮದುವೆ ಕಾಗದ, ಜಾತ್ರೆಯ ಕರಪತ್ರ, ತಿಥಿ ಕಾರ್ಡು. ರಜದಲ್ಲಿ ಹೋದಾಗ ನಾನು ಮೊಳೆ ಪೆಟ್ಟಿಗೆಯ ಮುಂದೆ ನಿಲ್ಲುತ್ತಿದ್ದೆ. ಒಂದೊಂದು ಅಕ್ಷರ ಹೆಕ್ಕಿ, ತಲೆಕೆಳಗಾಗಿ ಸ್ಟಿಕ್ಕಿನಲ್ಲಿ ಕೂರಿಸಬೇಕು. ಅಲ್ಲಿ ನನಗೆ ಒಂದು ವಿಷಯ ಗೊತ್ತಾಯಿತು. ಪುಟದಲ್ಲಿ ಖಾಲಿ ಕಾಣುವ ಜಾಗ ನಿಜವಾಗಿ ಖಾಲಿ ಅಲ್ಲ. ಅಕ್ಷರ ಇಲ್ಲದ ಕಡೆಯೂ ಸೀಸದ ತುಂಡು ಇಡಬೇಕು, ಸಾಲುಗಳ ಮಧ್ಯೆ ಪಟ್ಟಿ ಇಡಬೇಕು, ಇಲ್ಲದಿದ್ದರೆ ಇಡೀ ಪುಟ ಸಡಿಲವಾಗಿ ಉದುರಿಹೋಗುತ್ತದೆ. ಖಾಲಿ ಜಾಗಕ್ಕೂ ತೂಕ ಇದೆ. ಅದನ್ನೂ ಯಾರೋ ಕೈಯಲ್ಲಿ ಎತ್ತಿ ಇಟ್ಟಿರುತ್ತಾರೆ.

'ಜೇಕಬ್ಸ್ ರೂಮ್' ದೊಡ್ಡದಾದ್ದರಿಂದ ಹೊರಗಿನ ಮುದ್ರಣಾಲಯದಲ್ಲಿ ಅಚ್ಚಾಯಿತು, ಪ್ರಕಾಶನ ಮಾತ್ರ ಹೊಗಾರ್ತ್ ಪ್ರೆಸ್‌ನದು. ಆದರೆ ಆ ಪುಸ್ತಕ ತೆರೆದು ನೋಡಿದರೆ ಮೊಳೆ ಜೋಡಿಸಿದ ಕೈ ಕಾಣುತ್ತದೆ, ಕನಿಷ್ಠ ನನಗೆ ಕಾಣುತ್ತದೆ. ಒಂದು ತುಣುಕು, ಆಮೇಲೆ ಬಿಳಿ ಜಾಗ. ಇನ್ನೊಂದು ತುಣುಕು, ಮತ್ತೆ ಬಿಳಿ ಜಾಗ. ಅದಕ್ಕೂ ಮೊದಲು ಅವರ ಕಾದಂಬರಿಗಳನ್ನು ಹಾಕುತ್ತಿದ್ದದ್ದು ಮಲಅಣ್ಣ ಜೆರಾಲ್ಡ್ ಡಕ್‌ವರ್ತ್. ಈಗ ಯಾರಿಗೂ ತೋರಿಸಿ ಒಪ್ಪಿಗೆ ಕೇಳಬೇಕಾಗಿರಲಿಲ್ಲ. ಇಂಗ್ಲೆಂಡಿನಲ್ಲಿ ತನಗೆ ಬೇಕಾದ್ದನ್ನು ಬರೆಯುವ ಸ್ವಾತಂತ್ರ್ಯ ಇರುವ ಒಬ್ಬಳೇ ಹೆಂಗಸು ನಾನು ಅಂತ 1925ರ ದಿನಚರಿಯಲ್ಲಿ ಬರೆದುಕೊಂಡಿದ್ದಾರೆ. ಸಂಪ್ರದಾಯ ಮುರಿಯೋದು ಅಂದರೆ ಧೈರ್ಯ ಮಾತ್ರ ಸಾಲದು, ಅಚ್ಚು ಹಾಕುವ ಯಂತ್ರವೂ ಬೇಕು. ಇದನ್ನು ನಾವು ಸಾಹಿತ್ಯ ಚರಿತ್ರೆ ಹೇಳುವಾಗ ಮರೆತುಬಿಡುತ್ತೇವೆ.

ಈಗ ಕೋಣೆಯ ಒಳಗೆ ಹೋಗೋಣ.

ಪುಸ್ತಕದ ಮೂರನೇ ಅಧ್ಯಾಯ. ಜೇಕಬ್ 1906ರಲ್ಲಿ ಕೇಂಬ್ರಿಜ್ ಸೇರಿದ್ದಾನೆ. ಅಲ್ಲಿ ಅವನ ಕೋಣೆಯನ್ನು ತೋರಿಸುತ್ತಾರೆ. ದುಂಡು ಮೇಜು, ಎರಡು ತಗ್ಗು ಕುರ್ಚಿ, ಜಾಡಿಯಲ್ಲಿ ಹಳದಿ ಹೂವು. ಮನೆಯೊಳಗೆ ಹಾಕುವ ಚಪ್ಪಲಿ ತೀರಾ ಹಳೆಯದು, ನೀರಿನ ಮಟ್ಟದವರೆಗೆ ಸುಟ್ಟುಹೋದ ದೋಣಿಗಳ ಹಾಗಿದೆ. ಪುಸ್ತಕಗಳಿವೆ. ಆಮೇಲೆ ಎರಡು ಸಣ್ಣ ವಾಕ್ಯ ಬರುತ್ತವೆ. ಖಾಲಿ ಕೋಣೆಯಲ್ಲಿ ಗಾಳಿಗೂ ಉತ್ಸಾಹ ಇಲ್ಲ, ಪರದೆಯನ್ನು ಸ್ವಲ್ಪ ಉಬ್ಬಿಸುತ್ತದೆ, ಜಾಡಿಯ ಹೂವು ಅಲುಗುತ್ತದೆ. ಬೆತ್ತದ ಕುರ್ಚಿಯ ಒಂದು ಎಳೆ ಕಿರುಗುಟ್ಟುತ್ತದೆ, ಯಾರೂ ಕೂತಿಲ್ಲದಿದ್ದರೂ.

ಆಗ ಜೇಕಬ್ ಸುಮ್ನೆ ಹೊರಗೆ ಹೋಗಿದ್ದಾನೆ ಅಷ್ಟೆ. ಇನ್ನು ಸ್ವಲ್ಪ ಹೊತ್ತಿಗೆ ಬರುತ್ತಾನೆ. ಓದುವ ನಾವು ಆ ವಾಕ್ಯಗಳನ್ನು ಗಮನಿಸುವುದೂ ಇಲ್ಲ.

ಕೊನೆಯ ಪುಟದಲ್ಲಿ, ಬೊನಾಮಿ ನಿಂತಿರುವಾಗ, ಅವೇ ಎರಡು ವಾಕ್ಯ ಮತ್ತೆ ಬರುತ್ತವೆ. ಒಂದಕ್ಷರ ಬದಲಿಲ್ಲ. ಅದೇ ಗಾಳಿ, ಅದೇ ಪರದೆ, ಅದೇ ಹೂವು, ಅದೇ ಕುರ್ಚಿಯ ಎಳೆ. ಈಗ ಆ ಹುಡುಗ ಬರುವುದಿಲ್ಲ. ವಾಕ್ಯಕ್ಕೆ ಅದು ಗೊತ್ತಿಲ್ಲ. ಕುರ್ಚಿಗೂ ಗೊತ್ತಿಲ್ಲ. ನಮಗೆ ಮಾತ್ರ ಗೊತ್ತು. ನಾನು ಎಷ್ಟೋ ಕಾದಂಬರಿಗಳಲ್ಲಿ ಅಳು, ಎದೆ ಬಡಿದುಕೊಳ್ಳುವುದು ಎಲ್ಲ ಓದಿದ್ದೇನೆ, ಅವುಗಳ ಬಗ್ಗೆ ನನಗೆ ತಾತ್ಸಾರ ಇಲ್ಲ. ಆದರೆ ಬರೆದದ್ದನ್ನೇ ಇನ್ನೊಂದು ಸಲ ಬರೆದು ಒಂದು ಸಾವನ್ನು ಹೇಳಿದ್ದು ನಾನು ಬೇರೆಲ್ಲೂ ಕಂಡಿಲ್ಲ.

ವುಲ್ಫ್ ಅವರ ಸ್ವಂತ ಅಣ್ಣ ಥೋಬಿ ಗ್ರೀಸ್ ಪ್ರವಾಸದಿಂದ ಬಂದು ಟೈಫಾಯಿಡ್‌ನಲ್ಲಿ ತೀರಿಕೊಂಡದ್ದು 1906ರ ನವೆಂಬರ್‌ನಲ್ಲಿ, 26ನೇ ವಯಸ್ಸಿಗೆ. ಜೇಕಬ್ ಕೂಡ ಗ್ರೀಸಿಗೆ ಹೋಗಿ ಬರುತ್ತಾನೆ. ಲಿಯೊನಾರ್ಡ್ ಅವರ ತಮ್ಮ ಸೆಸಿಲ್ 1917ರಲ್ಲಿ ಯುದ್ಧದಲ್ಲಿ ಸತ್ತರು, ಅದೇ ಶೆಲ್ಲಿನಿಂದ ಇನ್ನೊಬ್ಬ ತಮ್ಮ ಫಿಲಿಪ್ ಗಾಯಗೊಂಡರು. ಸೆಸಿಲ್ ಬರೆದಿಟ್ಟ ಪದ್ಯಗಳನ್ನು ಮರುವರ್ಷ ಹೊಗಾರ್ತ್ ಪ್ರೆಸ್‌ನಲ್ಲೇ ಅಚ್ಚು ಹಾಕಿದರು. ಮನೆಯವನ ಪದ್ಯಕ್ಕೆ ಒಂದೊಂದೇ ಮೊಳೆ ಜೋಡಿಸುವುದು ಹೇಗಿದ್ದಿರಬಹುದು, ಯೋಚನೆ ಮಾಡಿ.

ಮನೆಯಲ್ಲಿ ಕೂತ ತಾಯಂದಿರಿಗೆ ಯುದ್ಧ ಹೇಗೆ ಕೇಳಿಸುತ್ತಿತ್ತು ಅನ್ನುವುದೂ ಇದೇ ಪುಸ್ತಕದಲ್ಲಿದೆ. ಜೇಕಬ್‌ನ ತಾಯಿ ಬೆಟ್ಟಿ ಫ್ಲಾಂಡರ್ಸ್‌ಗೆ ರಾತ್ರಿ ಎಚ್ಚರವಾಗುತ್ತದೆ. ದೂರದಲ್ಲಿ ಏನೋ ಮಂದ ಸದ್ದು, ರಾತ್ರಿ ಹೊತ್ತಿನಲ್ಲಿ ಹೆಂಗಸರು ದೊಡ್ಡ ದೊಡ್ಡ ಜಮಖಾನೆ ಬಡಿಯುತ್ತಿರುವ ಹಾಗೆ. ಫಿರಂಗಿಯಾ ಅಂತ ಅರೆನಿದ್ದೆಯಲ್ಲಿ ಯೋಚಿಸುತ್ತಾಳೆ. ಗಂಡುಮಕ್ಕಳು ದೇಶಕ್ಕಾಗಿ ಹೋರಾಡುತ್ತಿದ್ದಾರೆ. ಕೋಳಿಗಳು ಭದ್ರವಾಗಿವೆಯಾ? ಇಂಗ್ಲೆಂಡಿನ ದಕ್ಷಿಣದ ಗುಡ್ಡಗಳ ಮೇಲೆ ನಿಂತರೆ ಫ್ರಾನ್ಸಿನ ಫಿರಂಗಿ ಸದ್ದು ನಿಜವಾಗಿ ಕೇಳಿಸುತ್ತಿತ್ತು, 1916ರಲ್ಲಿ ವುಲ್ಫ್ ಅದರ ಬಗ್ಗೆ ಪತ್ರಿಕೆಯಲ್ಲಿ ಬರೆದಿದ್ದರು.

ಪುಸ್ತಕ ಬಂದ ಮೇಲೆ ಕಾದಂಬರಿಕಾರ ಆರ್ನಾಲ್ಡ್ ಬೆನೆಟ್ ಆಕ್ಷೇಪ ಎತ್ತಿದರು. ಆ ಕಾಲಕ್ಕೆ ಅವರು ತುಂಬ ದೊಡ್ಡ ಹೆಸರು. ಬುದ್ಧಿವಂತಿಕೆ ಇದೆ, ಆದರೆ ಪಾತ್ರಗಳು ಮನಸ್ಸಿನಲ್ಲಿ ನಿಲ್ಲುವುದಿಲ್ಲ ಅಂದರು. ಇದಕ್ಕೆ ವುಲ್ಫ್ ಕೊಟ್ಟ ಉತ್ತರ ಪ್ರಸಿದ್ಧ. 1924ರ ಮೇ 18ರಂದು ಕೇಂಬ್ರಿಜ್‌ನಲ್ಲಿ ಒಂದು ಉಪನ್ಯಾಸವಾಗಿಯೇ ಓದಿದರು. ರೈಲಿನಲ್ಲಿ ರಿಚ್‌ಮಂಡ್‌ನಿಂದ ವಾಟರ್‌ಲೂಗೆ ಹೋಗುವಾಗ ಎದುರಿನ ಸೀಟಿನಲ್ಲಿ ಒಬ್ಬ ಮುದುಕಿ ಕೂತಿದ್ದಾಳೆ, ಬ್ರೌನ್ ಅಂತ ಹೆಸರಿಟ್ಟುಕೊಳ್ಳಿ. ಬಡತನ ಇದೆ, ಆದರೆ ಒಪ್ಪವಾಗಿದ್ದಾಳೆ. ಏನೋ ಕಷ್ಟ ಇದೆ. ಅವಳನ್ನು ಹಿಡಿಯುವುದು ಹೇಗೆ? ಬೆನೆಟ್ ಆದರೆ ಮನೆಯ ಬಗ್ಗೆ ಹೇಳುತ್ತಾರೆ, ಬಾಡಿಗೆ ಎಷ್ಟು, ಜಮೀನು ಯಾರ ಹೆಸರಿನಲ್ಲಿದೆ, ಕಿಟಕಿಯಿಂದ ಏನು ಕಾಣುತ್ತದೆ. ಮನೆ ಕೊಟ್ಟುಬಿಟ್ಟರೆ ಒಳಗಿರುವ ಮನುಷ್ಯರನ್ನು ನಾವೇ ಕಂಡುಕೊಳ್ಳುತ್ತೇವೆ ಅನ್ನುವ ನಂಬಿಕೆ ಅವರದು. ಆದರೆ ಬ್ರೌನ್ ಮಾತ್ರ ತಪ್ಪಿಸಿಕೊಂಡುಬಿಡುತ್ತಾಳೆ.

ಬೆನೆಟ್ ಕೆಟ್ಟ ಲೇಖಕ ಅಲ್ಲ, ಇದನ್ನು ಒತ್ತಿ ಹೇಳುತ್ತೇನೆ. ಅವರ ಒಳ್ಳೆಯ ಕಾದಂಬರಿಗಳಲ್ಲಿ ಅಂಗಡಿ, ಮನೆ, ದುಡ್ಡಿನ ಲೆಕ್ಕ ಎಲ್ಲ ಸೇರಿ ನಿಜಕ್ಕೂ ಒಂದು ಜೀವ ಕಾಣಿಸುತ್ತದೆ. ಮನುಷ್ಯರು ತಮ್ಮ ಮನೆಯಲ್ಲಿ ಬಾಳಿ, ವಯಸ್ಸಾಗಿ ಸಾಯುವ ಲೋಕಕ್ಕೆ ಆ ವಿಧಾನ ಸರಿಯಾಗೇ ಇತ್ತು.

ಆದರೆ ಒಂದು ವಿಷಯ ನೋಡಿ. ವುಲ್ಫ್ ಕೂಡ ನಮಗೆ ಕೊಟ್ಟಿರುವುದು ಒಂದು ಕೋಣೆಯನ್ನೇ ಅಲ್ವಾ? ಮೇಜು, ಕುರ್ಚಿ, ಚಪ್ಪಲಿ, ಕಾಗದ, ಎಲ್ಲ ಇದೆ. ಬೆನೆಟ್ ಬಳಸುವ ಸಾಮಾನೇ. ಎಲ್ಲ ಎಣಿಸಿ ಕೊಟ್ಟ ಮೇಲೂ ಜೇಕಬ್ ಸಿಗುವುದಿಲ್ಲ. ಅವನು ಹೇಗಿದ್ದ ಅಂತ ಕಾದಂಬರಿಯಲ್ಲಿ ಯಾರಿಗೂ ಸರಿಯಾಗಿ ಗೊತ್ತಿಲ್ಲ. ಪಾತ್ರ ಮನಸ್ಸಿನಲ್ಲಿ ನಿಲ್ಲುವುದಿಲ್ಲ ಅಂತ ಬೆನೆಟ್ ಹೇಳಿದ್ದು ಒಂದು ರೀತಿ ಸರಿಯೇ. ಇಪ್ಪತ್ತಾರು ವರ್ಷಕ್ಕೆ ಹೊರಟುಹೋದ ಹುಡುಗ ಇನ್ನೂ ಏನೂ ಆಗಿರುವುದಿಲ್ಲ. ಅವನ ಬಗ್ಗೆ ಪೂರ್ತಿ ಹೇಳುವುದು ಸುಳ್ಳಾಗುತ್ತಿತ್ತು.

ಇನ್ನು 'ಮಿಸೆಸ್ ಡಾಲೊವೇ', 1925. ಇದರ ಬಗ್ಗೆ ಇಲ್ಲಿ ಬಹಳ ಜನರಿಗೆ ಗೊತ್ತಿರುವುದರಿಂದ ಬೇಗ ದಾಟುತ್ತೇನೆ. 1923ರ ಜೂನ್‌ನ ಒಂದು ದಿನ. ಶ್ರೀಮಂತ ಹೆಂಗಸು ಕ್ಲಾರಿಸಾ ರಾತ್ರಿಯ ಪಾರ್ಟಿಗೆ ಹೂವು ತರಲು ಹೊರಡುತ್ತಾಳೆ. ಯುದ್ಧ ಮುಗಿದಿತ್ತು ಅಂತ ಶುರುವಿನಲ್ಲೇ ಬರುತ್ತದೆ. ಅದೇ ಉಸಿರಿಗೆ ಮುಗಿಯದವರ ಪಟ್ಟಿ. ಅದರಲ್ಲಿ ಲೇಡಿ ಬೆಕ್ಸ್‌ಬರೊ ಅಂತ ಒಬ್ಬಳು, ತನ್ನ ಪ್ರೀತಿಯ ಮಗ ಸತ್ತ ತಂತಿಯನ್ನು ಕೈಯಲ್ಲಿ ಹಿಡಿದುಕೊಂಡೇ ಒಂದು ಬಜಾರನ್ನು ಉದ್ಘಾಟಿಸಿದಳಂತೆ. ಒಂದೇ ವಾಕ್ಯ. ಹಳೇ ಕಾದಂಬರಿ ಆಗಿದ್ದರೆ ಅದಕ್ಕೆ ಒಂದು ಅಧ್ಯಾಯ ಸಿಗುತ್ತಿತ್ತು.

ಅದೇ ಊರಿನಲ್ಲಿ ಅದೇ ದಿನ ಸೆಪ್ಟಿಮಸ್ ಅನ್ನುವ ಹುಡುಗ ಓಡಾಡುತ್ತಿದ್ದಾನೆ. ಮೊದಮೊದಲೇ ಸೈನ್ಯ ಸೇರಿದವನು. ಅವನ ಪಾಲಿಗೆ ಇಂಗ್ಲೆಂಡ್ ಅಂದರೆ ಶೇಕ್ಸ್‌ಪಿಯರನ ನಾಟಕಗಳು ಮತ್ತು ಹಸಿರು ಬಟ್ಟೆ ತೊಟ್ಟ ಒಬ್ಬ ಮೇಡಂ. ಯುದ್ಧ ಮುಗಿಯುವ ಸ್ವಲ್ಪ ಮುಂಚೆ ಇಟಲಿಯಲ್ಲಿ ಅವನ ಅಧಿಕಾರಿ, ಗೆಳೆಯ ಇವಾನ್ಸ್ ಸತ್ತ. ಏನೂ ಅನ್ನಿಸಲಿಲ್ಲ. ಅದನ್ನೇ ಹೆಮ್ಮೆ ಅಂದುಕೊಂಡ. ಈಗ ಐದು ವರ್ಷದ ಮೇಲೆ ಆ ಇವಾನ್ಸ್ ಪಾರ್ಕಿನ ಗಿಡಗಳ ಹಿಂದಿನಿಂದ ನಡೆದು ಬರುತ್ತಾನೆ. ಸರ್ ವಿಲಿಯಂ ಬ್ರ್ಯಾಡ್‌ಶಾ ಅನ್ನುವ ದೊಡ್ಡ ಡಾಕ್ಟರು ಮುಕ್ಕಾಲು ಗಂಟೆ ಕೊಡುತ್ತಾರೆ, ಎಲ್ಲ ಹದದಲ್ಲಿರಬೇಕು ಅನ್ನುತ್ತಾರೆ, ಹೆಂಡತಿಯಿಂದ ದೂರ, ರೋಗಿಗಳನ್ನು ಇಟ್ಟುಕೊಳ್ಳುವ ಒಂದು ಮನೆಗೆ ಕಳಿಸಲು ಚೀಟಿ ಬರೆಯುತ್ತಾರೆ. ಸಂಜೆ ಹೊತ್ತಿಗೆ ಸೆಪ್ಟಿಮಸ್ ಕಿಟಕಿಯಿಂದ ಕೆಳಗಿನ ಕಬ್ಬಿಣದ ಸರಳುಗಳ ಮೇಲೆ ಹಾರುತ್ತಾನೆ. ಯುದ್ಧದ ಆಘಾತಕ್ಕೆ ಮನಸ್ಸು ಕದಡಿಹೋಗುವುದನ್ನು ಶೆಲ್ ಶಾಕ್ ಅನ್ನುತ್ತಿದ್ದರು, ಬ್ರಿಟಿಷ್ ಸರ್ಕಾರ ಅದರ ಬಗ್ಗೆ ಸಮಿತಿ ಮಾಡಿ ವರದಿ ಹೊರಡಿಸಿದ್ದು 1922ರಲ್ಲಿ, ವುಲ್ಫ್ ಈ ಪುಸ್ತಕ ಬರೆಯುತ್ತಿದ್ದ ಕಾಲದಲ್ಲೇ. ಅವರಿಗೂ ಇಂಥ ಡಾಕ್ಟರುಗಳ ಚೀಟಿ, ಮಲಗಿಸಿಡುವ ಚಿಕಿತ್ಸೆ ಚೆನ್ನಾಗಿ ಗೊತ್ತಿತ್ತು.

ಕ್ಲಾರಿಸಾ ಮತ್ತು ಸೆಪ್ಟಿಮಸ್ ಒಮ್ಮೆಯೂ ಭೇಟಿ ಆಗುವುದಿಲ್ಲ. ಪಾರ್ಟಿಗೆ ತಡವಾಗಿ ಬಂದ ಆ ಡಾಕ್ಟರ್ ದಂಪತಿ, ಯಾರೋ ಒಬ್ಬ ಹುಡುಗ ಸತ್ತ, ಅದಕ್ಕೇ ತಡ ಆಯಿತು ಅನ್ನುತ್ತಾರೆ. ನನ್ನ ಪಾರ್ಟಿಯ ಮಧ್ಯೆ ಸಾವು ಬಂತಲ್ಲ ಅಂತ ಕ್ಲಾರಿಸಾ ಅಂದುಕೊಳ್ಳುತ್ತಾಳೆ, ಒಬ್ಬಳೇ ಪಕ್ಕದ ಕೋಣೆಗೆ ಹೋಗಿ ನಿಲ್ಲುತ್ತಾಳೆ. ಸತ್ತವನ ಹೆಸರೂ ಗೊತ್ತಿಲ್ಲದೆ ಅವನ ಸಾವನ್ನು ತನ್ನ ಮೈಯಲ್ಲಿ ಅನುಭವಿಸುತ್ತಾಳೆ. ಇವರಿಬ್ಬರನ್ನು ಸೇರಿಸುವ ಕಥೆಯ ದಾರ ಯಾವುದೂ ಇಲ್ಲ ಅಂತ ಹೇಳುತ್ತಾರೆ. ಇಬ್ಬರೂ ಒಂದೇ ಗಡಿಯಾರದ ಗಂಟೆ ಕೇಳುತ್ತಾರೆ, ಆಕಾಶದಲ್ಲಿ ಹೊಗೆಯಿಂದ ಅಕ್ಷರ ಬರೆಯುವ ಒಂದೇ ವಿಮಾನ ಇಬ್ಬರ ತಲೆಯ ಮೇಲೂ ಹಾರುತ್ತದೆ. ಯುದ್ಧದ ನಂತರದ ಊರಿನಲ್ಲಿ ಜನ ಹಾಗೇ ಅಲ್ವಾ ಇದ್ದದ್ದು, ಪಕ್ಕದಲ್ಲೇ, ಒಬ್ಬರಿಗೊಬ್ಬರು ಗೊತ್ತಿಲ್ಲದೆ. ಇದೇ ಪುಸ್ತಕದಲ್ಲಿ ಯೂನಿಫಾರ್ಮ್ ತೊಟ್ಟ ಹುಡುಗರು ಹೂವಿನ ಚಕ್ರ ಹೊತ್ತು ವೈಟ್‌ಹಾಲ್‌ನಲ್ಲಿ ಹೋಗುತ್ತಾರೆ. ಎಲ್ಲಿಗೆ ಅನ್ನುವುದಕ್ಕೆ ವುಲ್ಫ್ ಬಳಸುವ ಶಬ್ದ, ಖಾಲಿ ಸಮಾಧಿಗೆ.

ಇಂಡಿಯಾದಿಂದ ಐದು ವರ್ಷದ ಮೇಲೆ ವಾಪಸ್ ಬಂದ ಪೀಟರ್ ವಾಲ್ಶ್, ಕ್ಲಾರಿಸಾಳ ಹಳೇ ಗೆಳೆಯ, ಅದನ್ನು ನಿಂತು ನೋಡುತ್ತಾನೆ. ಅದನ್ನು ಓದುವಾಗಲೆಲ್ಲ ನನಗೆ ಮೈಸೂರು ಸಂಸ್ಥಾನದ ಕುದುರೆ ಪಡೆ ಮೈಸೂರು ಲ್ಯಾನ್ಸರ್ಸ್ ನೆನಪಾಗುತ್ತಾರೆ. 1918ರ ಸೆಪ್ಟೆಂಬರ್ 23ರಂದು ಜೋಧ್‌ಪುರದವರ ಜೊತೆ ಈಗಿನ ಇಸ್ರೇಲಿನ ಹೈಫಾ ಪಟ್ಟಣವನ್ನು ಗೆದ್ದವರು ಅವರು, ಕುದುರೆ ಮೇಲೆ. ವಾಪಸ್ ಬರದವರ ಮನೆಗಳಲ್ಲೂ ಯಾರೋ ಏನನ್ನೋ ಪೇಪರಿನಲ್ಲಿ ಸುತ್ತಿ ಅಟ್ಟದ ಮೇಲೆ ಇಟ್ಟಿರಬೇಕು.

ಕೊನೆಯದಾಗಿ ಬ್ರ್ಯಾಕೆಟ್ಟಿನ ವಿಷಯ. 'ಟು ದ ಲೈಟ್‌ಹೌಸ್' 1927ರದು. ಮೂರು ಭಾಗ. ಮೊದಲನೆಯದು ಒಂದು ಸಂಜೆ, ರ‍್ಯಾಮ್ಸೆ ಕುಟುಂಬ, ಎಂಟು ಮಕ್ಕಳು, ಅತಿಥಿಗಳು, ಊಟ. ಮೂರನೆಯದು ಹತ್ತು ವರ್ಷ ಆದಮೇಲಿನ ಒಂದು ಬೆಳಿಗ್ಗೆ. ಮಧ್ಯದ ಭಾಗದಲ್ಲಿ ಆ ಹತ್ತು ವರ್ಷ ಕಳೆಯುತ್ತದೆ, ಮನೆಯಲ್ಲಿ ಯಾರೂ ಇಲ್ಲ. ಮತ್ತೆ ಖಾಲಿ ಕೋಣೆ. ಗಾಳಿ ನುಗ್ಗುತ್ತದೆ, ಗೋಡೆಯ ಕಾಗದ ಕಿತ್ತು ಬರುತ್ತದೆ, ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ, ಶಾಲಿನ ಒಂದು ಮಡಿಕೆ ಬಿಚ್ಚಿ ಜೋತಾಡುತ್ತದೆ. ಇಪ್ಪತ್ತು ಪುಟ ಇದೇ. ಇದರ ಮಧ್ಯೆ ಚೌಕದ ಬ್ರ್ಯಾಕೆಟ್ ಹಾಕಿ ಒಂದೊಂದು ಸುದ್ದಿ. ಮೊದಲ ಭಾಗದ ಜೀವಾಳವೇ ಆಗಿದ್ದ ತಾಯಿ ರ‍್ಯಾಮ್ಸೆ ಸತ್ತದ್ದು ಒಂದು ಬ್ರ್ಯಾಕೆಟ್ಟಿನಲ್ಲಿ, ಅದೂ ವಾಕ್ಯದ ಒಂದು ಮೂಲೆಯಲ್ಲಿ. ಗಂಡ ನಸುಕಿನಲ್ಲಿ ಕೈ ಚಾಚುತ್ತಾನೆ, ಹಿಂದಿನ ರಾತ್ರಿ ಅವಳು ಹಠಾತ್ತನೆ ಸತ್ತಿದ್ದಳು, ಚಾಚಿದ ಕೈ ಖಾಲಿಯಾಗೇ ಉಳಿಯುತ್ತದೆ. ಮಗಳು ಪ್ರೂ ಹೆರಿಗೆಯಲ್ಲಿ ಹೋದದ್ದು ಒಂದು ಬ್ರ್ಯಾಕೆಟ್. ಆಮೇಲೆ ಇದು. ಒಂದು ಶೆಲ್ ಸಿಡಿಯಿತು, ಫ್ರಾನ್ಸಿನಲ್ಲಿ ಇಪ್ಪತ್ತೋ ಮೂವತ್ತೋ ಹುಡುಗರು ಛಿದ್ರವಾದರು, ಅವರಲ್ಲಿ ಆಂಡ್ರೂ ರ‍್ಯಾಮ್ಸೆ ಒಬ್ಬ, ಪುಣ್ಯಕ್ಕೆ ತಕ್ಷಣ ಜೀವ ಹೋಯಿತು.

ಇದನ್ನು ಓದಿ ನನಗೆ ಮೊದಲು ಸಿಟ್ಟು ಬಂದಿತ್ತು. ಮಗು ಅಂತ ನೋಡಿದ ಪಾತ್ರವನ್ನು ಹೀಗೆ ಬ್ರ್ಯಾಕೆಟ್ಟಿಗೆ ಹಾಕಿ ಮುಗಿಸುವುದಾ ಅಂತ. ಆಮೇಲೆ ಒಂದು ದಿನ ಹೊಳೆಯಿತು, ಇದು ತಂತಿಯ ಭಾಷೆ. ಮನೆಗೆ ಸುದ್ದಿ ಬಂದದ್ದೇ ಈ ಅಳತೆಯಲ್ಲಿ. ತಕ್ಷಣ ಜೀವ ಹೋಯಿತು, ನೋವಾಗಲಿಲ್ಲ ಅಂತ ಅಧಿಕಾರಿಗಳು ತಾಯಂದಿರಿಗೆ ಕಾಗದ ಬರೆಯುತ್ತಿದ್ದರು, ಎಷ್ಟೋ ಸಲ ಅದು ನಿಜ ಆಗಿರುತ್ತಿರಲಿಲ್ಲ. ಬ್ರ್ಯಾಕೆಟ್ಟಿನ ಎರಡು ಗೆರೆಗಳ ಮಧ್ಯೆ ಒಬ್ಬ ಹುಡುಗನನ್ನು ಮಲಗಿಸಿದ ಹಾಗಿದೆ ಆ ಪುಟ. ಅಲ್ಲೇ ಹತ್ತಿರದಲ್ಲಿ ಇನ್ನೊಂದು ಬ್ರ್ಯಾಕೆಟ್ ಇದೆ, ಕಾರ್‌ಮೈಕಲ್ ಎಂಬುವರು ಆ ವಸಂತದಲ್ಲಿ ಕವನ ಸಂಕಲನ ತಂದರು, ಚೆನ್ನಾಗಿ ಹೋಯಿತು, ಯುದ್ಧದಿಂದಾಗಿ ಜನರಿಗೆ ಕಾವ್ಯದಲ್ಲಿ ಆಸಕ್ತಿ ಮರಳಿದೆ ಅನ್ನುತ್ತಿದ್ದರು ಅಂತ. ಈ ಎರಡನ್ನೂ ಒಟ್ಟಿಗೆ ಓದಿದಾಗ ನನಗೆ ಗಂಟಲು ಕಟ್ಟುತ್ತದೆ.

ಮಾತಿನ ನಂತರ ಇಬ್ಬರು ಕೇಳಿದ ಪ್ರಶ್ನೆ ಮುಖ್ಯವಾದದ್ದು, ಸೇರಿಸುತ್ತೇನೆ.

ಒಬ್ಬರು ಕೇಳಿದರು, ಯುದ್ಧಕ್ಕೂ ಮುಂಚೆಯೇ ಇದೆಲ್ಲ ಶುರುವಾಗಿತ್ತಲ್ಲ ಸರ್? ಹೌದು, ಖಂಡಿತ. ಫ್ರೆಂಚ್ ಲೇಖಕ ಪ್ರೂಸ್ಟ್‌ನ ದೊಡ್ಡ ಕಾದಂಬರಿಯ ಮೊದಲ ಸಂಪುಟ ಬಂದದ್ದು 1913ರಲ್ಲಿ. ವುಲ್ಫ್ ಅವರೇ ಆ ಕೇಂಬ್ರಿಜ್ ಭಾಷಣದಲ್ಲಿ ಮನುಷ್ಯ ಸ್ವಭಾವ ಬದಲಾದದ್ದು 1910ರ ಡಿಸೆಂಬರ್ ಆಸುಪಾಸಿನಲ್ಲಿ ಅಂದಿದ್ದಾರೆ, 1914 ಅಂತ ಹೇಳಲಿಲ್ಲ. ಯುದ್ಧವೇ ಹೊಸ ಬರವಣಿಗೆಯನ್ನು ಹೆತ್ತಿತು ಅಂದರೆ ತಪ್ಪಾಗುತ್ತದೆ. ಉಪಕರಣ ಮೊದಲೇ ಇತ್ತು. ಆದರೆ 1919ರ ವುಲ್ಫ್‌ಗೂ 1922ರ ವುಲ್ಫ್‌ಗೂ ಮಧ್ಯೆ ಏನಾಯಿತು ಅಂತ ನೋಡಿದರೆ, ಆ ಉಪಕರಣವನ್ನು ಅವರು ಕೈಗೆತ್ತಿಕೊಂಡದ್ದು ಒಂದು ನಿರ್ದಿಷ್ಟ ಕೆಲಸಕ್ಕೆ ಅಂತ ನನಗೆ ಕಾಣುತ್ತದೆ.

ಇನ್ನೊಬ್ಬರು, ವಯಸ್ಸಾದ ಮೇಡಂ, ಕೇಳಿದರು. ನಮ್ಮಲ್ಲಿ ಅಂಥ ಯುದ್ಧ ಮನೆಬಾಗಿಲಿಗೆ ಬರಲಿಲ್ಲ, ಆದರೂ ನವ್ಯ ಬಂತಲ್ಲ? ಇದಕ್ಕೆ ನನ್ನ ಹತ್ತಿರ ಇದ್ದದ್ದು ಒಂದೇ ಉದಾಹರಣೆ. ಅನಂತಮೂರ್ತಿಯವರ 'ಸಂಸ್ಕಾರ', 1965. ಬರ್ಮಿಂಗ್‌ಹ್ಯಾಮ್‌ನಲ್ಲಿ ಓದುತ್ತಿದ್ದಾಗ ಬರೆದದ್ದು. ಅಲ್ಲಿ ಹೆಣ ಇದೆ. ಅಗ್ರಹಾರದ ನಡುವೆಯೇ ಇದೆ, ನಾತ ಬರುತ್ತಿದೆ, ಸಂಸ್ಕಾರ ಮಾಡುವವರು ಯಾರು ಅನ್ನುವುದೇ ಇಡೀ ಕಥೆ. ಅವರದು ಹೆಣವಿಲ್ಲದ ಸಾವು, ನಮ್ಮದು ಸುಡಲಾಗದ ಹೆಣ. ಎರಡೂ ಕಡೆ ಹಳೇ ವಿಧಿ ಕೈಕೊಟ್ಟಿತ್ತು. ಅದಕ್ಕೇ ನವ್ಯವನ್ನು ಇಂಗ್ಲಿಷಿನ ನಕಲು ಅಂತ ಒಂದೇ ಮಾತಿನಲ್ಲಿ ತಳ್ಳಿಹಾಕುವವರ ಜೊತೆ ನಾನು ಒಪ್ಪುವುದಿಲ್ಲ. ಮೇಡಂ ತಲೆಯಾಡಿಸಿದರು, ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ. ಅದರ ಬಗ್ಗೆ ಇನ್ನೊಂದು ಭಾನುವಾರ ಕೂತು ಮಾತಾಡಬೇಕು.

ಹೊರಡುವ ಮುಂಚೆ ವುಲ್ಫ್ ದಿನಚರಿಯ ಒಂದು ಪುಟ ಓದಿದೆ, ಅದನ್ನೂ ಹೇಳಿಬಿಡುತ್ತೇನೆ. 1924ರಲ್ಲಿ ವುಲ್ಫ್ ದಂಪತಿ ಲಂಡನ್ನಿನ ಟ್ಯಾವಿಸ್ಟಾಕ್ ಸ್ಕ್ವೇರ್‌ನ 52ನೇ ನಂಬರ್ ಮನೆಗೆ ಬಂದರು. 'ಟು ದ ಲೈಟ್‌ಹೌಸ್' ಪೂರ್ತಿ ಹೊಳೆದದ್ದು ಆ ಚೌಕದ ಸುತ್ತ ನಡೆಯುವಾಗಲೇ. 1940ರ ಅಕ್ಟೋಬರ್‌ನಲ್ಲಿ, ಎರಡನೇ ಯುದ್ಧದಲ್ಲಿ, ಬಾಂಬು ಬಿದ್ದು ಆ ಮನೆ ಹೋಯಿತು. ಅವರು ಆಗ ಅಲ್ಲಿ ವಾಸ ಇರಲಿಲ್ಲ. ನೋಡಲು ಹೋದರು. ತಾನು ಕೂತು ಬರೆಯುತ್ತಿದ್ದ ಕೋಣೆಯ ಗೋಡೆಯ ಒಂದು ತುಂಡು ಮಾತ್ರ ನಿಂತಿತ್ತು, ಉಳಿದದ್ದು ಬರೀ ಕಲ್ಲುಮಣ್ಣು, ಎಷ್ಟೋ ರಾತ್ರಿ ಗೆಳೆಯರ ಜೊತೆ ಕೂತಿದ್ದ ಜಾಗದಲ್ಲಿ ಬಯಲು. ಅಲ್ಲಿಂದ ತಾವು ಹೊಸದಾಗಿ ಹಿಡಿದಿದ್ದ ಇನ್ನೊಂದು ಮನೆಗೆ ಹೋದರು, ಅದಕ್ಕೂ ಬಾಂಬಿನ ಪೆಟ್ಟು ಬಿದ್ದಿತ್ತು. ಧೂಳಿನಲ್ಲಿ ಹುಡುಕಿ ತಮ್ಮ ದಿನಚರಿಯ 24 ಪುಸ್ತಕಗಳನ್ನು ಹೊರಗೆ ತೆಗೆದು, ಕಾರಿನಲ್ಲಿಟ್ಟುಕೊಂಡು ಊರಿಗೆ ಹೋದರು.